ಹದಿನಾರರ ಹುಡುಗಿ ಮತ್ತು ಪೋಚೆಫ್‌ಸ್ಟ್ರೂಮ್ ಮೈದಾನ



ಈ ದತ್ತಿ ಉಪನ್ಯಾಸಕ್ಕೆ ನನಗೆ ಒಪ್ಪಿಸಿದ ವಿಷಯ ‘ಮಹಿಳೆ ಮತ್ತು ಕ್ರೀಡೆ’. ಒಂದು ಉಪನ್ಯಾಸಕ್ಕೆ ಅದು ದೊಡ್ಡದಾಯಿತು. ಹಾಗಾಗಿ ನಾನು ಒಂದೇ ಆಟ, ಒಂದೇ ದೇಶ, ಆ ದೇಶದ ಒಂದೇ ಊರು ಹಿಡಿದು ಮಾತಾಡುತ್ತೇನೆ. ಆಟ ಕ್ರಿಕೆಟ್. ದೇಶ ದಕ್ಷಿಣ ಆಫ್ರಿಕಾ. ಊರಿನ ಹೆಸರು ಪೋಚೆಫ್‌ಸ್ಟ್ರೂಮ್. ಜೊಹಾನ್ಸ್‌ಬರ್ಗ್‌ನಿಂದ ನೈರುತ್ಯಕ್ಕೆ ಸುಮಾರು 120 ಕಿಲೋಮೀಟರ್. ನಮ್ಮ ವಿಜಯಪುರದಿಂದ ಸೊಲ್ಲಾಪುರ ಇದ್ದದ್ದಕ್ಕಿಂತ ತುಸು ದೂರ ಅಷ್ಟೆ. ಅದೂ ನಮ್ಮ ಹಾಗೆ ವಿಶ್ವವಿದ್ಯಾಲಯದ ಊರು, ರಾಜಧಾನಿಯಲ್ಲ. ಭಾರತದ ಹೆಣ್ಣುಮಕ್ಕಳ ಕ್ರಿಕೆಟ್ ಆ ಊರಿನಲ್ಲಿ ಮೂರು ಸಲ ಹೊಸ ತಿರುವು ಕಂಡಿತು. ಆ ಮೂರರಲ್ಲೂ ನಮ್ಮ ಸೀಮೆಯ ಒಬ್ಬ ಹೆಣ್ಣುಮಗಳು ತಂಡದ ಜೊತೆಗಿದ್ದಳು. ಒಬ್ಬರು ಕಲಬುರಗಿಯಲ್ಲಿ ಬೆಳೆದ ನೂಶಿನ್ ಅಲ್ ಖದೀರ್. ಇನ್ನೊಬ್ಬರು ಇದೇ ವಿಜಯಪುರದ ರಾಜೇಶ್ವರಿ ಗಾಯಕವಾಡ.

ನಾನು ಟಿಕೋಟಾ, ಬಬಲೇಶ್ವರ ಭಾಗದ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಕಿಯಾಗಿದ್ದವಳು. ಹುಡುಗಿಯರಿಗೆ ಖೋಖೋ, ಕಬಡ್ಡಿ, ಥ್ರೋಬಾಲ್ ಆಡಿಸಿದ್ದೇನೆ. ಅವರು ಎಂಟನೆಯ ತರಗತಿಯಲ್ಲಿ ಹೇಗೆ ಓಡುತ್ತಾರೆ, ಹತ್ತನೆಯ ತರಗತಿ ಮುಗಿಯುವ ಹೊತ್ತಿಗೆ ಯಾಕೆ ಓಟ ನಿಲ್ಲಿಸುತ್ತಾರೆ ಎಂಬುದನ್ನು ಹತ್ತಿರದಿಂದ ಕಂಡಿದ್ದೇನೆ. ನನ್ನ ಇಂದಿನ ಮಾತೆಲ್ಲ ಆ ಎರಡು ವಯಸ್ಸುಗಳ ನಡುವೆಯೇ ಸುತ್ತುತ್ತದೆ.

2005ರ ಮಾರ್ಚ್ 22ರಂದು ಮಹಿಳೆಯರ ಏಕದಿನ ವಿಶ್ವಕಪ್ ದಕ್ಷಿಣ ಆಫ್ರಿಕಾದಲ್ಲಿ ಶುರುವಾಯಿತು. ಆಫ್ರಿಕಾ ಖಂಡದಲ್ಲಿ ಆ ವಿಶ್ವಕಪ್ ನಡೆದದ್ದು ಅದೇ ಮೊದಲು. ಎಂಟು ತಂಡಗಳಿದ್ದವು. ಭಾರತದ ನಾಯಕಿ ಮಿಥಾಲಿ ರಾಜ್. ಏಪ್ರಿಲ್ 7ರಂದು ಪೋಚೆಫ್‌ಸ್ಟ್ರೂಮ್‌ನಲ್ಲಿ ನ್ಯೂಜಿಲೆಂಡ್ ಎದುರು ಸೆಮಿಫೈನಲ್. ಮಿಥಾಲಿ ಔಟಾಗದೆ 91 ರನ್ ಹೊಡೆದರು. ಭಾರತ 6 ವಿಕೆಟ್‌ಗೆ 204. ನ್ಯೂಜಿಲೆಂಡ್ 164ಕ್ಕೆ ಮುಗಿಯಿತು. ನಮ್ಮ ಹೆಣ್ಣುಮಕ್ಕಳು ಮೊದಲ ಸಲ ವಿಶ್ವಕಪ್ ಫೈನಲ್ ಮುಟ್ಟಿದರು. ಮೂರು ದಿನದ ಮೇಲೆ ಸೆಂಚುರಿಯನ್‌ನಲ್ಲಿ ಆಸ್ಟ್ರೇಲಿಯಾದ ಕ್ಯಾರೆನ್ ರೋಲ್ಟನ್ ಔಟಾಗದೆ 107 ರನ್ ಗಳಿಸಿದರು. ಗುರಿ 216. ಭಾರತ 117ಕ್ಕೆ ಆಲೌಟ್, 98 ರನ್ ಸೋಲು. ಆ ಟೂರ್ನಿಯಲ್ಲಿ ಎಲ್ಲರಿಗಿಂತ ಹೆಚ್ಚು, 20 ವಿಕೆಟ್ ಪಡೆದವರು ನಮ್ಮ ಎಡಗೈ ಸ್ಪಿನ್ನರ್ ನೀತು ಡೇವಿಡ್. ಆ ತಂಡದಲ್ಲೇ ಆಫ್ ಸ್ಪಿನ್ ಹಾಕುತ್ತಿದ್ದವರು ನೂಶಿನ್.

ಅವರು ಹುಟ್ಟಿದ್ದು 1981ರಲ್ಲಿ, ಇರಾನಿನ ತೆಹರಾನ್‌ನಲ್ಲಿ, ಬೆಳೆದದ್ದು ಕಲಬುರಗಿಯಲ್ಲಿ. 78 ಏಕದಿನ ಪಂದ್ಯಗಳಲ್ಲಿ 100 ವಿಕೆಟ್ ತೆಗೆದವರು. ಬಹಮನಿ ಕೋಟೆಯ ಊರಿನ ಹುಡುಗಿ ವಿಶ್ವಕಪ್ ಫೈನಲ್‌ವರೆಗೆ ಹೋಗಿದ್ದಾಳೆ ಎಂದು 2005ರಲ್ಲಿ ನಮ್ಮ ಎಷ್ಟು ಶಾಲೆಗಳಲ್ಲಿ ಹೇಳಿದೆವು? ಕ್ರೀಡೆ ಕಲಿಸುವ ನಮ್ಮ ಬಳಗವೇ ಆ ಸುದ್ದಿಯನ್ನು ಮಕ್ಕಳಿಗೆ ಮುಟ್ಟಿಸಲಿಲ್ಲ.

ಆ ಕಾಲದ ವ್ಯವಸ್ಥೆಯನ್ನೂ ನೆನೆಯಬೇಕು. ಮಹಿಳಾ ಕ್ರಿಕೆಟ್ ಆಗ ಬಿಸಿಸಿಐ ಕೈಯಲ್ಲಿ ಇರಲಿಲ್ಲ. 1973ರಲ್ಲಿ ಹುಟ್ಟಿದ ಭಾರತ ಮಹಿಳಾ ಕ್ರಿಕೆಟ್ ಸಂಸ್ಥೆ ತನಗಿದ್ದಷ್ಟು ದುಡ್ಡಿನಲ್ಲಿ ಅದನ್ನು ನಡೆಸಿಕೊಂಡು ಬಂದಿತ್ತು. ನಮ್ಮ ಬೆಂಗಳೂರಿನ ಶಾಂತಾ ರಂಗಸ್ವಾಮಿ 1976ರಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಪಟ್ನಾದಲ್ಲಿ ಮೊದಲ ಟೆಸ್ಟ್ ಗೆಲುವು ತಂದುಕೊಟ್ಟದ್ದು ಆ ಬಡತನದಲ್ಲೇ. 2005ರ ವಿಶ್ವಕಪ್‌ನಲ್ಲಿ ಪಂದ್ಯಕ್ಕೆ ಸಾವಿರ ರೂಪಾಯಿಯಂತೆ ಸಿಕ್ಕಿತು ಎಂದು ಮಿಥಾಲಿ ರಾಜ್ ಅವರೇ ಮುಂದೆ ಹೇಳಿದ್ದಾರೆ. ಜಗತ್ತಿನಲ್ಲಿ ಎರಡನೆಯವರಾಗಿ ಬಂದವರಿಗೆ ಸಿಕ್ಕದ್ದು ಅಷ್ಟು. 2006ರಲ್ಲಿ ಸಂಸ್ಥೆ ಬಿಸಿಸಿಐ ಜೊತೆ ಸೇರಿತು. ಹೆಣ್ಣುಮಕ್ಕಳ ಪಂದ್ಯಶುಲ್ಕವನ್ನು ಗಂಡುಮಕ್ಕಳಿಗೆ ಸಮ ಮಾಡುವ ನಿರ್ಧಾರಕ್ಕೆ 2022ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು: ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ.

ನೂಶಿನ್ ಸೆಂಚುರಿಯನ್‌ನಲ್ಲಿ ಸೋತ ದಿನ ವಿಜಯಪುರದ ರಾಜೇಶ್ವರಿಗೆ ಹದಿಮೂರು ವರ್ಷ. ತಂದೆ ಸರ್ಕಾರಿ ಶಾಲೆಯ ಶಿಕ್ಷಕರು; ಹೆಣ್ಣುಮಕ್ಕಳು ಆಡಬೇಕು ಎಂದು ಹಂಬಲಿಸಿದವರು. ಆದರೂ ರಾಜೇಶ್ವರಿ ಕ್ರಿಕೆಟ್ ತರಬೇತಿಗೆ ಇಳಿದದ್ದು ಹದಿಹರೆಯದ ಕೊನೆಯಲ್ಲಿ. ಅದಕ್ಕೆ ಅವರನ್ನಾಗಲಿ ಮನೆಯವರನ್ನಾಗಲಿ ದೂರುವಂತಿಲ್ಲ. ಹದಿಮೂರರ ಹುಡುಗಿಗೆ ಈ ಜಿಲ್ಲೆಯಲ್ಲಿ ಕ್ರಿಕೆಟ್ ಆಡುವ ಜಾಗವೇ ಎಲ್ಲಿತ್ತು? ತಡವಾಗಿ ಹೊರಟವರು 2014ರ ಜನವರಿಯಲ್ಲಿ ಭಾರತದ ಪರ ಮೊದಲ ಏಕದಿನ ಪಂದ್ಯ ಆಡಿದರು. ಅದೇ ವರ್ಷ ತಂದೆ ತೀರಿಕೊಂಡರು. ಸಂಸಾರದ ಭಾರ ಈ ಮಗಳ ಹೆಗಲಿಗೆ ಬಂತು. ನವೆಂಬರ್‌ನಲ್ಲಿ ಮೈಸೂರಿನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಟೆಸ್ಟ್‌ಗೂ ಇಳಿದರು.

2017ರ ಮೇ ತಿಂಗಳಲ್ಲಿ ಪೋಚೆಫ್‌ಸ್ಟ್ರೂಮ್‌ನಲ್ಲಿ ನಾಲ್ಕು ದೇಶಗಳ ಟೂರ್ನಿ: ದಕ್ಷಿಣ ಆಫ್ರಿಕಾ, ಭಾರತ, ಐರ್ಲೆಂಡ್, ಜಿಂಬಾಬ್ವೆ. ಮಹಿಳಾ ಏಕದಿನ ಕ್ರಿಕೆಟ್‌ನಲ್ಲಿ ಅತಿ ಹೆಚ್ಚು ವಿಕೆಟ್ ಪಡೆದವರೆಂಬ ಪಟ್ಟಕ್ಕೆ ಜೂಲನ್ ಗೋಸ್ವಾಮಿ ಏರಿದ್ದು ಅಲ್ಲಿ. ಐರ್ಲೆಂಡ್ ವಿರುದ್ಧ ದೀಪ್ತಿ ಶರ್ಮಾ 188, ಪೂನಂ ರಾವುತ್ 109 ಹೊಡೆದು ಮೊದಲ ವಿಕೆಟ್‌ಗೆ 320 ರನ್ ಕೂಡಿಸಿದ್ದೂ ಅಲ್ಲೇ. ಪತ್ರಿಕೆಗಳೆಲ್ಲ ಆ 320ರ ಸುದ್ದಿಯನ್ನೇ ಬರೆದವು. ಐರ್ಲೆಂಡ್ 109ಕ್ಕೆ ಕುಸಿದಾಗ ನಾಲ್ಕು ವಿಕೆಟ್ ಪಡೆದದ್ದು ರಾಜೇಶ್ವರಿ. ಫೈನಲ್‌ನಲ್ಲಿ ದಕ್ಷಿಣ ಆಫ್ರಿಕಾವನ್ನು ಅವರ ನೆಲದಲ್ಲೇ ಎಂಟು ವಿಕೆಟ್‌ಗಳಿಂದ ಸೋಲಿಸಿ ತಂಡ ಇಂಗ್ಲೆಂಡಿಗೆ, ವಿಶ್ವಕಪ್‌ಗೆ ಹೋಯಿತು.

ಮುಂದಿನದು ನಿಮಗೆ ಗೊತ್ತಿದೆ. ಜುಲೈ 15ರಂದು ಡರ್ಬಿಯಲ್ಲಿ ನ್ಯೂಜಿಲೆಂಡ್ ವಿರುದ್ಧ, ಸೋತರೆ ಮನೆಗೆ ಎಂಬ ಪಂದ್ಯದಲ್ಲಿ, ಅಲ್ಲಿಯವರೆಗೆ ಹೊರಗೆ ಕೂತಿದ್ದ ರಾಜೇಶ್ವರಿಯನ್ನು ಆಡಿಸಿದರು. 15 ರನ್‌ಗೆ 5 ವಿಕೆಟ್. ನ್ಯೂಜಿಲೆಂಡ್ 79ಕ್ಕೆ ಆಲೌಟ್. ಅದೇ ಪಂದ್ಯದಲ್ಲಿ ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತಗಳಲ್ಲಿ 70 ಹೊಡೆದಿದ್ದರು. ಲಾರ್ಡ್ಸ್‌ನ ಫೈನಲ್‌ನಲ್ಲಿ ಭಾರತ 9 ರನ್‌ಗಳಿಂದ ಸೋತಿತು.

ಊರಿಗೆ ಬಂದಾಗ ಸನ್ಮಾನಗಳಾದವು. ಆಗಿನ ಜಲಸಂಪನ್ಮೂಲ ಸಚಿವರು, ಬಬಲೇಶ್ವರ ಕ್ಷೇತ್ರದ ಶಾಸಕರಾದ ಎಂ.ಬಿ. ಪಾಟೀಲರು ಸುಮಾರು ಐದು ಲಕ್ಷ ರೂಪಾಯಿಯ ಕಾರು ಕೊಡುವುದಾಗಿ ಅಭಿಮಾನದಿಂದ ಘೋಷಿಸಿದರು. ರಾಜೇಶ್ವರಿ ಕಾರು ಬೇಡ ಎಂದರು. ನಮ್ಮ ಕುಟುಂಬಕ್ಕೆ ಒಂದು ಮನೆ ಬೇಕಾಗಿದೆ, ಅದನ್ನು ಮಾಡಿಕೊಡಿ ಎಂದು ಕೇಳಿದರು. ದೇಶದ ಪತ್ರಿಕೆಗಳೆಲ್ಲ ಬರೆದ ಸಂಗತಿ ಇದು. ಆ ವರ್ಷ ಅವರು ಪಡೆದ ಐದು ವಿಕೆಟ್‌ಗಳಿಗಿಂತ ಈ ಮಾತು ನನಗೆ ದೊಡ್ಡದಾಗಿ ಕಾಣುತ್ತದೆ. ಕೊಡುವವರು ಪ್ರೀತಿಯಿಂದಲೇ ಕೊಡಲು ಬಂದರು. ಆದರೆ ಆಡುವ ಹೆಣ್ಣುಮಗಳಿಗೆ ಏನು ಬೇಕು ಎಂದು ಮೊದಲು ಅವಳನ್ನೇ ಕೇಳಬೇಕು. ಇಪ್ಪತ್ತಾರರ ರಾಜೇಶ್ವರಿ ಬಾಯಿಬಿಟ್ಟು ಕೇಳಿದರು. ಹದಿನಾರರ ಹುಡುಗಿ ಕೇಳುವುದಿಲ್ಲ. ಅವಳಿಗೆ ಬೇಕಾದದ್ದನ್ನು ನಾವೇ ತಿಳಿದುಕೊಳ್ಳಬೇಕು.

ಈಗ ಮೂರನೆಯ ಸಲದ ಪೋಚೆಫ್‌ಸ್ಟ್ರೂಮ್. ಇಲ್ಲಿ ನಾನು ತುಸು ಹೆಚ್ಚು ಹೊತ್ತು ನಿಲ್ಲುತ್ತೇನೆ.

ಹುಡುಗರಿಗೆ 19 ವರ್ಷದೊಳಗಿನವರ ವಿಶ್ವಕಪ್ ಶುರುವಾದದ್ದು 1988ರಲ್ಲಿ. ಹುಡುಗಿಯರಿಗೆ ಶುರುವಾದದ್ದು 2023ರ ಜನವರಿಯಲ್ಲಿ. ನಡುವೆ ಮೂವತ್ತೈದು ವರ್ಷ. ಈ ಮೂವತ್ತೈದು ವರ್ಷಗಳಲ್ಲಿ ಹುಡುಗನೊಬ್ಬ ‘ಅಪ್ಪಾ, ಹತ್ತೊಂಬತ್ತರೊಳಗಿನ ತಂಡಕ್ಕೆ ಆಯ್ಕೆ ಇದೆ’ ಎಂದು ಮನೆಯಲ್ಲಿ ಹೇಳಬಹುದಿತ್ತು. ಹುಡುಗಿಯ ಮುಂದೆ ಅಂಥ ಮೆಟ್ಟಿಲೇ ಇರಲಿಲ್ಲ. ಹಿರಿಯರ ರಾಷ್ಟ್ರೀಯ ತಂಡಕ್ಕೆ ಏರಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಲ್ಲಿಯತನಕ ಅವಳನ್ನು ಮನೆಯವರು ಕಾಯಬೇಕಲ್ಲ! ನೂಶಿನ್‌ಗೂ ರಾಜೇಶ್ವರಿಗೂ ಇಲ್ಲದೇ ಹೋದದ್ದು ಈ ಮೆಟ್ಟಿಲು. 2021ರಲ್ಲಿ ಬಾಂಗ್ಲಾದೇಶದಲ್ಲಿ ನಡೆಯಬೇಕಿದ್ದ ಮೊದಲ ಟೂರ್ನಿ ಕೋವಿಡ್‌ನಿಂದ ಮುಂದೆ ಹೋಗಿ, ಕೊನೆಗೆ ದಕ್ಷಿಣ ಆಫ್ರಿಕಾದ ಬೆನೋನಿ ಮತ್ತು ಪೋಚೆಫ್‌ಸ್ಟ್ರೂಮ್‌ಗಳಲ್ಲಿ ಹದಿನಾರು ತಂಡಗಳೊಂದಿಗೆ ನಡೆಯಿತು.

ಭಾರತ ತಂಡದ ಮುಖ್ಯ ತರಬೇತುದಾರರು ನೂಶಿನ್ ಅಲ್ ಖದೀರ್. ನಾಯಕಿ ರೋಹ್ಟಕ್‌ನ ಶಫಾಲಿ ವರ್ಮಾ. ಆ ತಂಡದಲ್ಲಿ ಕರ್ನಾಟಕದ ಹುಡುಗಿ ಯಾರೂ ಇರಲಿಲ್ಲ. ನಮ್ಮ ಪಾಲು ಎಂದರೆ ಆ ಗುರು. ಹುಡುಗಿಯರು ಎಲ್ಲೆಲ್ಲಿಯವರು ನೋಡಿ. ಅರ್ಚನಾ ದೇವಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಹಳ್ಳಿಯವಳು. ತಂದೆ ಕ್ಯಾನ್ಸರ್‌ನಿಂದ, ಸೋದರನೊಬ್ಬ ಹಾವು ಕಚ್ಚಿ ತೀರಿಹೋದ ಮೇಲೆ ಊರವರು ತಾಯಿಯನ್ನೇ ಆಡಿಕೊಂಡರು. ಆ ತಾಯಿ ಯಾರ ಮಾತಿಗೂ ಕಿವಿಗೊಡದೆ ಮಗಳನ್ನು ಆಟಕ್ಕೆ ಕಳಿಸಿದಳು. ಸೋನಂ ಯಾದವ್ ಫಿರೋಜಾಬಾದಿನ ಗಾಜಿನ ಕಾರ್ಖಾನೆ ಕಾರ್ಮಿಕರ ಮಗಳು. ಗೊಂಗಡಿ ತ್ರಿಷಾ ಭದ್ರಾಚಲಂನವಳು. ಟಿಕೋಟಾದ ಹುಡುಗಿಗೆ ಇವರು ಮುಂಬೈ, ಬೆಂಗಳೂರಿನ ಆಟಗಾರ್ತಿಯರಿಗಿಂತ ಹತ್ತಿರದವರು.

ಮೊದಲ ಪಂದ್ಯದಲ್ಲಿ ದಕ್ಷಿಣ ಆಫ್ರಿಕಾದ 166 ರನ್ ಬೆನ್ನಟ್ಟಿ, ಶ್ವೇತಾ ಸೆಹ್ರಾವತ್ ಔಟಾಗದೆ 92 ಹೊಡೆದು ಗೆಲ್ಲಿಸಿದಳು. ಸೂಪರ್ ಸಿಕ್ಸ್‌ನಲ್ಲಿ ಆಸ್ಟ್ರೇಲಿಯಾ ಎದುರು 87ಕ್ಕೆ ಆಲೌಟಾಗಿ ಸೋತರು. ಸೆಮಿಫೈನಲ್‌ನಲ್ಲಿ ನ್ಯೂಜಿಲೆಂಡ್ ಮೇಲೆ, ಪೋಚೆಫ್‌ಸ್ಟ್ರೂಮ್‌ನಲ್ಲಿ, ಎಂಟು ವಿಕೆಟ್ ಗೆಲುವು. ಹದಿನೆಂಟು ವರ್ಷದ ಹಿಂದೆ ಅದೇ ಊರಲ್ಲಿ, ಅದೇ ಎದುರಾಳಿಯ ಮೇಲೆ ಸೆಮಿಫೈನಲ್ ಗೆದ್ದ ತಂಡದಲ್ಲಿದ್ದ ಹೆಣ್ಣುಮಗಳು ಈಗ ಮೈದಾನದ ಹೊರಗೆ ಕೂತು ನೋಡುತ್ತಿದ್ದರು. ಜನವರಿ 29ರಂದು ಫೈನಲ್. ಶಫಾಲಿಗೆ ಹತ್ತೊಂಬತ್ತು ತುಂಬಿದ ಮರುದಿನ. ತಿತಾಸ್ ಸಾಧು ನಾಲ್ಕು ಓವರ್‌ಗಳಲ್ಲಿ 6 ರನ್ ಕೊಟ್ಟು 2 ವಿಕೆಟ್ ಪಡೆದಳು. ಇಂಗ್ಲೆಂಡ್ 68ಕ್ಕೆ ಆಲೌಟ್. ಭಾರತ ಹದಿನಾಲ್ಕು ಓವರ್‌ಗಳಲ್ಲಿ ಮೂರು ವಿಕೆಟ್ ಕಳೆದುಕೊಂಡು ಗೆದ್ದಿತು. ತ್ರಿಷಾ 24, ಸೌಮ್ಯಾ ತಿವಾರಿ ಔಟಾಗದೆ 24. ಭಾರತದ ಹೆಣ್ಣುಮಕ್ಕಳು ಯಾವುದೇ ಮಾದರಿಯಲ್ಲಿ ಗೆದ್ದ ಮೊದಲ ವಿಶ್ವಕಪ್ ಅದು. ಹಿರಿಯರು ಸೋತ ದೇಶದಲ್ಲಿ ಕಿರಿಯರು ಗೆದ್ದರು, ಆ ಸೋಲನ್ನು ಕಂಡುಂಡ ಒಬ್ಬರ ಕೈಯಲ್ಲಿ ಕಲಿತು ಗೆದ್ದರು.

ಆ ಟೂರ್ನಿಯಲ್ಲಿ ಇನ್ನೊಂದು ತಂಡವನ್ನು ನೀವು ಮರೆಯಬಾರದು: ರುವಾಂಡಾ. 1994ರ ನರಮೇಧದಲ್ಲಿ ನುಚ್ಚುನೂರಾದ ಪುಟ್ಟ ದೇಶ. ಸತ್ತವರ ನೆನಪಿಗಾಗಿ ಅಲ್ಲಿ 2014ರಿಂದ ಕ್ವಿಬುಕಾ ಹೆಸರಿನ ಮಹಿಳಾ ಟಿ20 ಟೂರ್ನಿ ನಡೆಯುತ್ತಿದೆ. ಶೋಕಾಚರಣೆಗೆ ಹೆಣ್ಣುಮಕ್ಕಳ ಕ್ರಿಕೆಟ್ಟನ್ನು ಆಯ್ದುಕೊಂಡ ಇನ್ನೊಂದು ದೇಶ ನನಗೆ ತಿಳಿದಿಲ್ಲ. 2017ರಲ್ಲಿ ರಾಜಧಾನಿ ಕಿಗಾಲಿಯ ಗಹಂಗಾದಲ್ಲಿ ಅವರಿಗೆ ಒಂದು ಒಳ್ಳೆಯ ಕ್ರೀಡಾಂಗಣವಾಯಿತು. ಆರು ವರ್ಷಕ್ಕೆ ಅವರ ಹುಡುಗಿಯರು ವಿಶ್ವಕಪ್‌ನಲ್ಲಿದ್ದರು. ಜಿಂಬಾಬ್ವೆ ವಿರುದ್ಧ ಹೆನ್ರಿಯೆಟ್ ಇಶಿಂವೆ ಸತತ ನಾಲ್ಕು ಎಸೆತಗಳಲ್ಲಿ ನಾಲ್ಕು ವಿಕೆಟ್ ಕಿತ್ತಳು. ಮುಂದೆ ವೆಸ್ಟ್ ಇಂಡೀಸನ್ನೇ ಸೋಲಿಸಿದರು. ಒಂದು ಮೈದಾನ, ನಡೆಯುತ್ತಾ ಬಂದ ಒಂದು ಟೂರ್ನಿ. ರುವಾಂಡಾ ಮಾಡಿದ್ದು ಇಷ್ಟನ್ನೇ. ನಮ್ಮ ಒಂದು ಜಿಲ್ಲೆಗೆ ಇದು ಆಗದ ಮಾತೇ?

ಕಿರಿಯರ ಆ ವಿಶ್ವಕಪ್ ಮುಗಿದ ಎರಡೇ ವಾರಕ್ಕೆ ದಕ್ಷಿಣ ಆಫ್ರಿಕಾದಲ್ಲೇ ಹಿರಿಯ ಮಹಿಳೆಯರ ಟಿ20 ವಿಶ್ವಕಪ್. ಭಾರತ ತಂಡದಲ್ಲಿ ರಾಜೇಶ್ವರಿ ಇದ್ದರು. ಸೆಮಿಫೈನಲ್‌ನಲ್ಲಿ ನಾಯಕಿ ಹರ್ಮನ್‌ಪ್ರೀತ್ ರನೌಟಾಗಿ, ಆಸ್ಟ್ರೇಲಿಯಾ ಎದುರು 5 ರನ್‌ಗಳಿಂದ ಸೋತೆವು. ಕೇಪ್‌ಟೌನ್ ಫೈನಲ್‌ನಲ್ಲಿ ಆತಿಥೇಯ ದಕ್ಷಿಣ ಆಫ್ರಿಕಾವೂ ಆಸ್ಟ್ರೇಲಿಯಾಕ್ಕೆ 19 ರನ್‌ಗಳಿಂದ ಸೋತಿತು. ಆದರೆ ಆ ದೇಶದ ಹಿರಿಯರ ತಂಡ, ಗಂಡುಮಕ್ಕಳದ್ದೂ ಸೇರಿ, ವಿಶ್ವಕಪ್ ಫೈನಲ್ ತಲುಪಿದ್ದು ಅದೇ ಮೊದಲು. ತಲುಪಿಸಿದವರು ಹೆಣ್ಣುಮಕ್ಕಳು.

ಆ ಟೂರ್ನಿಯ ನಡುವೆಯೇ, ಫೆಬ್ರುವರಿ 13ರಂದು, ಮುಂಬೈಯಲ್ಲಿ ಮಹಿಳಾ ಪ್ರೀಮಿಯರ್ ಲೀಗ್‌ನ ಮೊದಲ ಹರಾಜು ನಡೆಯಿತು. ಯುಪಿ ವಾರಿಯರ್ಸ್ ತಂಡ ರಾಜೇಶ್ವರಿಯನ್ನು 40 ಲಕ್ಷಕ್ಕೆ ತೆಗೆದುಕೊಂಡಿತು. ಅದೇ ತಂಡ 30 ಲಕ್ಷಕ್ಕೆ ಕಿರಣ್ ನವಗಿರೆಯನ್ನೂ ತೆಗೆದುಕೊಂಡಿತು. ಕಿರಣ್ ಸೊಲ್ಲಾಪುರ ಜಿಲ್ಲೆಯವರು. ಈ ಸಭಾಂಗಣದ ಹೊರಗಿರುವ ರಸ್ತೆಯ ಎರಡು ತುದಿಯ ಇಬ್ಬರು ಹೆಣ್ಣುಮಕ್ಕಳು ಹೀಗೆ ಒಂದೇ ತಂಡದವರಾದರು. ನಮ್ಮ ಕಡೆಯ ಜನಕ್ಕೆ ಸೊಲ್ಲಾಪುರ ಎಂದರೆ ಚಾದರ, ಆಸ್ಪತ್ರೆ, ಬೀಗರ ಊರು. ಇನ್ನು ಮೇಲೆ ನಮ್ಮ ಹುಡುಗಿಯರ ತಂಡ ಆಡಲು ಹೋಗುವ ಊರೂ ಆಗಲಿ ಎಂಬುದು ನನ್ನ ಆಸೆ.

2025ರ ಫೆಬ್ರುವರಿಯಲ್ಲಿ ಕ್ವಾಲಾಲಂಪುರದಲ್ಲಿ ಕಿರಿಯರ ಎರಡನೆಯ ವಿಶ್ವಕಪ್ಪನ್ನೂ ಭಾರತ ಗೆದ್ದಿತು. ಫೈನಲ್‌ನಲ್ಲಿ ಸೋತದ್ದು ದಕ್ಷಿಣ ಆಫ್ರಿಕಾ. ನಾಯಕಿ ನಮ್ಮ ಕರ್ನಾಟಕದ ನಿಕಿ ಪ್ರಸಾದ್. ಗುರು ಮತ್ತೆ ನೂಶಿನ್. ಅದೇ ವರ್ಷ ನವೆಂಬರ್ 2ರಂದು ನವಿ ಮುಂಬೈಯಲ್ಲಿ ಹಿರಿಯರೂ ದಕ್ಷಿಣ ಆಫ್ರಿಕಾವನ್ನು 52 ರನ್‌ಗಳಿಂದ ಸೋಲಿಸಿ ಏಕದಿನ ವಿಶ್ವಕಪ್ ಗೆದ್ದರು. 2023ರಲ್ಲಿ ಕಿರಿಯರ ಕಪ್ ಎತ್ತಿದ್ದ ಶಫಾಲಿ ಆ ಫೈನಲ್‌ನಲ್ಲಿ 87 ರನ್ ಹೊಡೆದಳು, ಎರಡು ವಿಕೆಟ್ಟೂ ಪಡೆದಳು.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇನೆ.

ಟಿಕೋಟಾ, ಬಬಲೇಶ್ವರ ದ್ರಾಕ್ಷಿಯ ಸೀಮೆ. ಹುಡುಗಿಯರ ವಿಶ್ವಕಪ್ ನಡೆದ ಜನವರಿ, ಫೆಬ್ರುವರಿಯಲ್ಲೇ ಇಲ್ಲಿ ಪಡಗಳಲ್ಲಿ ಕೊಯ್ಲು, ಆಮೇಲೆ ಶೆಡ್ಡುಗಳಲ್ಲಿ ಮಣೂಕದ, ಅಂದರೆ ಒಣದ್ರಾಕ್ಷಿಯ, ಕೆಲಸ. ಆ ದಿನಗಳಲ್ಲಿ ನನ್ನ ತರಗತಿಯಿಂದ ಮೊದಲು ಕಾಣೆಯಾಗುತ್ತಿದ್ದವರು ಒಳ್ಳೆಯ ಆಟಗಾರ್ತಿಯರೇ. ಗಟ್ಟಿಮುಟ್ಟಾದ ಹುಡುಗಿಯನ್ನು ಮನೆಯವರು ದುಡಿಮೆಗೆ ಕರೆಯುತ್ತಾರೆ. ‘ಟೀಚರ್, ನಾಕ್ ದಿನಾ ಅವ್ವನ ಕೂಡ ಹೋಗ್ಬೇಕ್ರಿ’ ಎಂದು ಹೇಳಿ ಹೋದವರಲ್ಲಿ ಕೆಲವರು ತಿರುಗಿ ಬರಲಿಲ್ಲ. ಬಾಲ್ಯವಿವಾಹ ಹೆಚ್ಚಿರುವ ಜಿಲ್ಲೆಗಳ ಸಾಲಿನಲ್ಲಿ ನಮ್ಮದೂ ಇದೆ ಎಂಬುದನ್ನು ಈ ವೇದಿಕೆಯಲ್ಲಿ ಮುಚ್ಚಿಡಬಾರದು. ಹತ್ತನೆಯ ತರಗತಿ ಮುಗಿದ ಬೇಸಿಗೆಯಲ್ಲಿ ಮನೆಗಳಲ್ಲಿ ಮಾತುಕತೆ ಶುರುವಾಗುತ್ತದೆ. ಆ ಮಾತುಕತೆಯಲ್ಲಿ ಹುಡುಗಿಯ ಪರವಾಗಿ ಇಡಲು ಏನಾದರೂ ಬೇಕು: ಜಿಲ್ಲಾ ತಂಡದ ಆಯ್ಕೆಯ ಕಾಗದ, ರಾಜ್ಯದ 19 ವರ್ಷದೊಳಗಿನವರ ಶಿಬಿರದ ಕರೆ, ಯಾವುದಾದರೂ. ಹತ್ತೊಂಬತ್ತರೊಳಗಿನವರ ಟೂರ್ನಿಯನ್ನು ನಾನು ಹಿರಿಯರ ವಿಶ್ವಕಪ್‌ಗಿಂತ ಮುಖ್ಯವೆಂದು ಎಣಿಸುವುದು ಈ ಕಾರಣಕ್ಕೆ. ಕಪ್ ಗೆಲ್ಲುವುದು ಹದಿನೈದು ಹುಡುಗಿಯರು. ಆ ಟೂರ್ನಿಯ ಹೆಸರು ಹೇಳಿ ಇನ್ನೆರಡು ವರ್ಷ ಓದುವ, ಆಡುವ ಅವಕಾಶ ಪಡೆಯುವವರು ಸಾವಿರಾರು ಮಂದಿ ಆಗಬಹುದು.

ಅದಕ್ಕೆ ಬೇಕಾದದ್ದು ಬಹಳ ದೊಡ್ಡದಲ್ಲ. ಹೆಣ್ಣುಮಕ್ಕಳಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆ ಬಂದ 2023ರ ಜೂನ್‌ನಿಂದ ಬಸ್ಸಿನ ದುಡ್ಡಿನ ಅಡ್ಡಿ ಹೋಗಿದೆ. ಉಳಿದದ್ದು ಬಸ್ಸಿನ ಹೊತ್ತು. ಸಂಜೆ ಅಭ್ಯಾಸ ಮುಗಿಸಿದ ಹುಡುಗಿ ಕತ್ತಲಾಗುವ ಮೊದಲು ಬಬಲೇಶ್ವರ ಮುಟ್ಟುವಂತಿದ್ದರೆ ಮಾತ್ರ ಅಪ್ಪ ಒಪ್ಪುತ್ತಾನೆ. ಆದ್ದರಿಂದ ತರಬೇತಿ ಬೆಳಿಗ್ಗೆ ಇರಲಿ, ಅಥವಾ ತಾಲ್ಲೂಕಿನಲ್ಲೇ ಇರಲಿ. ಒಂದು ಮ್ಯಾಟಿಂಗ್ ಪಿಚ್, ಎರಡು ನೆಟ್ ಇದ್ದರೆ ಶುರು ಮಾಡಬಹುದು. ಮೈದಾನದಲ್ಲಿ ಬಾಗಿಲು ಹಾಕಿಕೊಳ್ಳಲು ಬರುವ, ನೀರಿರುವ ಶೌಚಾಲಯ ಬೇಕು. ಮುಟ್ಟಿನ ದಿನಗಳಲ್ಲಿ ಆಟ ಬಿಟ್ಟ ಹುಡುಗಿ ನಾಚಿಕೆಯಿಂದ ವಾರಗಟ್ಟಲೆ ಬರುವುದಿಲ್ಲ, ಆಮೇಲೆ ಬಿಟ್ಟೇ ಬಿಡುತ್ತಾಳೆ. ಇದನ್ನು ನಾನು ಎಲ್ಲ ಸಭೆಗಳಲ್ಲಿ ಹೇಳಿದ್ದೇನೆ, ಇಲ್ಲೂ ಹೇಳುತ್ತೇನೆ. ಮತ್ತು ಕಲಿಸುವವರು ಹೆಂಗಸರಾಗಿರಲಿ. ನೂಶಿನ್ ತಂಡದೊಂದಿಗೆ ಇದ್ದದ್ದರಿಂದ ಎಷ್ಟು ಮನೆಗಳವರು ನಿಶ್ಚಿಂತೆಯಿಂದ ಮಗಳನ್ನು ಕಡಲಾಚೆಗೆ ಕಳಿಸಿರಬಹುದು, ಯೋಚಿಸಿ. ಈ ಊರಿನ ಕಾಲೇಜುಗಳಲ್ಲಿ, ತೊರವಿಯ ಮಹಿಳಾ ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣ ಕಲಿತ ಹೆಣ್ಣುಮಕ್ಕಳಿದ್ದಾರೆ. ಅವರಿಗೆ ಕೆಲಸ ಕೊಡಿ.

ದತ್ತಿ ಇಟ್ಟ ಮನೆತನದವರಲ್ಲಿ ಒಂದು ಬೇಡಿಕೆ. ವರ್ಷಕ್ಕೊಂದು ಉಪನ್ಯಾಸ ನಡೆಯಲಿ. ಜೊತೆಗೆ ಇದರ ಬಡ್ಡಿಯಲ್ಲೇ ಒಂದು ಪಾಲು ತೆಗೆದು ಟಿಕೋಟಾ, ಬಬಲೇಶ್ವರ ತಾಲ್ಲೂಕುಗಳ ಎಂಟರಿಂದ ಹನ್ನೆರಡನೆಯ ತರಗತಿಯ ಹುಡುಗಿಯರಿಗೆ ದೀಪಾವಳಿ ರಜೆಯಲ್ಲಿ ಒಂದು ಟೂರ್ನಿ ನಡೆಸೋಣ. ದ್ರಾಕ್ಷಿ ಕೊಯ್ಲಿಗೆ ಮುಂಚೆ ಮುಗಿಯುತ್ತದೆ. ಬಹುಮಾನ ಏನಿರಬೇಕೆಂದು ಆಡುವ ಹುಡುಗಿಯರನ್ನೇ ಕೇಳಿ ತೀರ್ಮಾನಿಸೋಣ. ಶೂ ಕೇಳುತ್ತಾರೋ, ಪುಸ್ತಕ ಕೇಳುತ್ತಾರೋ, ಹಾಸ್ಟೆಲಿನ ಶುಲ್ಕ ಕೇಳುತ್ತಾರೋ ನೋಡೋಣ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಆ ಆಟಗಾರ್ತಿಯರ ಪಟ್ಟಿ ಹಿಡಿದುಕೊಂಡು ಒಬ್ಬೊಬ್ಬರ ಮನೆಗೆ ಹೋಗಿ, ಅಪ್ಪ ಅವ್ವನ ಮುಂದೆ ಕೂತು, ಇನ್ನೆರಡು ವರ್ಷ ಇವಳನ್ನು ಆಡಲು ಬಿಡಿ ಎಂದು ಕೇಳುವವರು ನಾಲ್ಕು ಮಂದಿ ಬೇಕು. ಮೊದಲನೆಯವಳಾಗಿ ನಾನು ಬರುತ್ತೇನೆ. ಉಳಿದ ಮೂವರ ಹೆಸರನ್ನು ಈ ಸಭೆ ಮುಗಿಯುವುದರೊಳಗೆ ಬರೆದುಕೊಡಿ.